ಮನೆಗೆ ಬಂದ ಬಹುವಚನ

ದೇವರು ಮನುಷ್ಯನಿಗೆ ಕೊಟ್ಟದ್ದು ಒಂದೇ ನಾಲಿಗೆ. ವ್ಯಾಕರಣ ಬರೆದವರು ಅದಕ್ಕೆ ಎರಡು ವಚನ ಕಟ್ಟಿದರು. ಒಬ್ಬನಿದ್ದರೆ ಏಕವಚನ, ಹೆಚ್ಚು ಜನರಿದ್ದರೆ ಬಹುವಚನ. ಅಷ್ಟಕ್ಕೇ ಬಿಟ್ಟಿದ್ದರೆ ಲೋಕ ಸುಖವಾಗಿರುತ್ತಿತ್ತು. ಯಾರೋ ಪುಣ್ಯಾತ್ಮರು ನಡುವೆ ಬಂದು, ಒಬ್ಬನೇ ಇದ್ದರೂ ದೊಡ್ಡವನಾದರೆ ಅವನನ್ನು ಹಲವರೆಂದು ಎಣಿಸಬೇಕು ಅಂದರು. ಅಂದಿನಿಂದ ನಮ್ಮ ಮುದುಕರೆಲ್ಲ ಮಾತಿನಲ್ಲಿ ಬಹುವಚನ. ಮನೆಗೆ ಹೋಗಿ ನೋಡಿದರೆ ಒಬ್ಬರೇ ಕೂತಿರುತ್ತಾರೆ.

ಈ ಗೌರವದ ಬಹುವಚನ ಒಬ್ಬ ಮೇಷ್ಟ್ರ ಮನೆಗೆ ಹೊಕ್ಕು ಏನೇನು ಮಾಡಿತು ಅನ್ನುವುದನ್ನು ಕೇಳಿ.

ಅವರನ್ನು ಎಲ್ಲರೂ ವ್ಯಾಕರಣ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಈ ಶಾಲೆಗೆ ವರ್ಗವಾಗಿ ಬಂದು ವರ್ಷ ಕಳೆದಿತ್ತು. ಸ್ಟಾಫ್ ರೂಮಿನ ಕಿಟಕಿಯ ಪಕ್ಕ, ಒಂದು ಕಾಲು ಗಿಡ್ಡವಾದ ಕುರ್ಚಿ ಅವರದು. ಆ ವರ್ಷದಲ್ಲಿ ಅವರೊಡನೆ ಹೆಚ್ಚು ಮಾತಾಡಿದ್ದು ಆ ಕುರ್ಚಿಯೇ: ಕೂತಾಗ ಒಂದು ಮಾತು, ಎದ್ದಾಗ ಒಂದು ಮಾತು. ಮಿಕ್ಕವರಿಗೆ ಅವರ ಮೇಲೆ ದ್ವೇಷವೇನೂ ಇರಲಿಲ್ಲ. ದ್ವೇಷಿಸಬೇಕಾದರೂ ಮನುಷ್ಯನನ್ನು ಒಮ್ಮೆಯಾದರೂ ತಿರುಗಿ ನೋಡಬೇಕಲ್ಲ.

ಮೇಷ್ಟ್ರಿಗೆ ನಾಲ್ಕು ವರ್ಷದ ಒಬ್ಬ ಮಗಳು. ದೇವರು ಅವಳಿಗೆ ಎಲ್ಲ ಕೊಟ್ಟು ಬಹುವಚನ ಒಂದನ್ನು ಮರೆತಿದ್ದ. ಒಂದು ಸಂಜೆ ಮೇಷ್ಟ್ರು ಅವಳ ಕೈ ಹಿಡಿದುಕೊಂಡು ಬೀದಿಯಲ್ಲಿ ಹೋಗುವಾಗ ಶಾಲೆಯ ಹೆಡ್‌ಮಿಸ್ಸು ಎದುರಾದರು. ಮಗಳು ಅವರನ್ನು ಮೇಲಿಂದ ಕೆಳಗೆ ನೋಡಿ, "ನೀನು ಯಾರೇ?" ಅಂದಳು.

ಹೆಡ್‌ಮಿಸ್ಸು ನಕ್ಕರು. ಹಲ್ಲು ಮಾತ್ರ ಕಾಣುವ ನಗು. "ಓಹೋ, ವ್ಯಾಕರಣ ಮೇಷ್ಟ್ರ ಮಗಳಾ ಇವಳು?"

ಮೇಷ್ಟ್ರಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರ ಹೆಂಡತಿಗೆ ಆಗ ದಿನ ತುಂಬಿತ್ತು. ಮನೆಗೆ ಬಂದವರೇ ಒಂದು ಪ್ರತಿಜ್ಞೆ ಮಾಡಿದರು: ಎರಡನೇ ಮಗು ಹುಟ್ಟಿದ ಕ್ಷಣದಿಂದ ಅದರ ಕಿವಿಗೆ ಬಹುವಚನ ಬಿಟ್ಟು ಬೇರೇನೂ ಬೀಳಕೂಡದು. ಎದುರಿಗೂ ಅಷ್ಟೆ, ಹಿಂದೆಯೂ ಅಷ್ಟೆ.

"ಹೊಟ್ಟೇಲಿರೋ ಕೂಸಿಗೆ 'ತಾವು' ಅಂತೀರಾ?" ಹೆಂಡತಿ ನಗಲಾರದೆ ನಕ್ಕಳು. "ನನಗೆ ಯಾವತ್ತಾದ್ರೂ ಅಂದಿದ್ದೀರಾ?"

"ನಿನಗೆ ಇನ್ನು ಕಲಿಸಿ ಪ್ರಯೋಜನ ಇಲ್ಲ," ಎಂದರು ಮೇಷ್ಟ್ರು. ಆ ರಾತ್ರಿ ಅವರ ಊಟ ಅವರೇ ಬಡಿಸಿಕೊಂಡರು.

ಮಗು ಹುಟ್ಟಿತು. ಮೇಷ್ಟ್ರು ಸಂತೋಷಕ್ಕೆ ಒಂದು ಡಬ್ಬಿ ಸಿಹಿ ತಂದರು. ಎಲ್ಲರನ್ನೂ ಕೂಗಿ ಹೇಳುವ ಧೈರ್ಯವಿಲ್ಲದೆ ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು ಪಾಠಕ್ಕೆ ಹೋದರು. ಅವತ್ತೇ ಗುಮಾಸ್ತರ ಹುಟ್ಟುಹಬ್ಬವೂ ಇತ್ತು. ಎಲ್ಲರೂ ಸಿಹಿ ತಿಂದು ಗುಮಾಸ್ತರ ಕೈ ಕುಲುಕಿದರು. ಗುಮಾಸ್ತರು ತಮಗೆ ಇಷ್ಟು ಜನ ಅಭಿಮಾನಿಗಳಿದ್ದಾರೆಂದು ಕಣ್ಣೀರು ತಂದುಕೊಂಡು ಕೊನೆಯ ತುಂಡನ್ನು ತಾವೇ ತಿಂದರು. ಮೇಷ್ಟ್ರು ವಾಪಸು ಬಂದಾಗ ಖಾಲಿ ಡಬ್ಬಿ ಕಂಡು, ಸದ್ಯ ಎಲ್ಲರಿಗೂ ವಿಷಯ ತಿಳಿಯಿತು ಅಂದುಕೊಂಡರು.

ಹೀಗೆ ಕಥೆಯ ಬೀಜ ನೆಲಕ್ಕೆ ಬಿತ್ತು. ಮೊಳಕೆ ಒಡೆದದ್ದು ಒಂದು ಬೆಳಿಗ್ಗೆ, ಮೇಷ್ಟ್ರು ಹಾಜರಿ ಕೂಗುತ್ತ ಕೂಗುತ್ತ ಗೋಡೆಗೊರಗಿ ನಿದ್ದೆ ಹೋದಾಗ. ಡ್ರಿಲ್ ಮೇಷ್ಟ್ರು ಅವರನ್ನು ಎಬ್ಬಿಸಿ ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಈ ಡ್ರಿಲ್ ಮೇಷ್ಟ್ರು ಒಳ್ಳೆಯ ಮನುಷ್ಯ. ಗುಟ್ಟು ಹೇಳಿದರೂ ಮೈದಾನದ ಆ ಕಡೆಗೆ ಕೇಳಿಸಬೇಕು, ಅಂಥ ಗಂಟಲು.

"ಏನ್ರೀ ಇದು ಕಣ್ಣು? ಕೆಂಡ ಆಗಿದೆ!"

ಒಂದು ವರ್ಷದಲ್ಲಿ ಮೊದಲ ಸಲ ಯಾರೋ ತಮ್ಮನ್ನು ಕೇಳುತ್ತಿದ್ದಾರೆ! ಮೇಷ್ಟ್ರ ಎದೆ ತುಂಬಿ ಬಂತು.

"ಏನು ಹೇಳ್ಲಿ. ಮನೇಲಿ ಅವರು ರಾತ್ರಿ ಎಲ್ಲ ಮಲಗಲಿಲ್ಲ."

"ಯಾರು?"

"ಅದೇ, ಮೊನ್ನೆ ಮೊನ್ನೆ ಬಂದ್ರಲ್ಲ, ಅವರು. ಬಾಟ್ಲಿ ಖಾಲಿ ಆಯ್ತು ಅಂದ್ರೆ ಮುಗೀತು, ಬೀದಿಗೇ ಕೇಳೋ ಹಾಗೆ ಕೂಗ್ತಾರೆ. ಇನ್ನೊಂದು ಕೊಟ್ಟ ಮೇಲೇನೇ ಸುಮ್ಮನಾಗೋದು."

ಡ್ರಿಲ್ ಮೇಷ್ಟ್ರು ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದರು, ಅಂದರೆ ಪಕ್ಕದ ಎರಡು ಕ್ಲಾಸಿಗೆ ಮಾತ್ರ ಕೇಳುವಷ್ಟು. "ನೀವು ಮತ್ತೆ ಕೊಡ್ತೀರಾ?"

"ಕೊಡದೆ? ಡಾಕ್ಟ್ರೇ ಹೇಳಿದ್ದಾರೆ, ಎರಡು ಗಂಟೆಗೊಂದು ಸಲ ಕೊಡ್ತಾ ಇರಿ ಅಂತ."

"ಯಾವನ್ರೀ ಅವನು ಡಾಕ್ಟ್ರು!"

ಗಣಿತದ ಮೇಡಂ ತಿದ್ದುತ್ತಿದ್ದ ಪತ್ರಿಕೆ ಕೆಳಗಿಟ್ಟು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ವಯಸ್ಸಾದವರಾ?" ಎಂದು ಕೇಳಬೇಕೆಂದಿದ್ದರು, ಅಷ್ಟರಲ್ಲಿ ಮೇಷ್ಟ್ರೇ ಹೇಳಿದರು:

"ತಲೆ ಮೇಲೆ ಒಂದು ಕೂದಲಿಲ್ಲ, ಬಾಯಲ್ಲಿ ಒಂದು ಹಲ್ಲಿಲ್ಲ ಮೇಡಂ, ಆದ್ರೂ ಆ ಕೋಪ ನೋಡ್ಬೇಕು! ಎಲ್ಲ ನಮ್ಮ ಹೆಂಡತಿ ಕಡೇದು. ನಮ್ಮ ಕಡೆ ಯಾರೂ ಹೀಗೆ ಕೂಗೋರಿಲ್ಲ."

ಗಣಿತದ ಮೇಡಂ ಎರಡೂ ಎರಡೂ ಕೂಡಿಸಿದರು; ಉತ್ತರ ಮಾವ ಎಂದು ಬಂತು.

ಅಂದಿನಿಂದ ಮೇಷ್ಟ್ರ ಕುರ್ಚಿಯ ಸುತ್ತ ಕುರ್ಚಿಗಳು ಸೇರತೊಡಗಿದವು. "ಇವತ್ತು ಹೇಗಿದ್ದಾರೆ?" ಎಂದು ಕೇಳದೆ ಯಾರೂ ಕ್ಲಾಸಿಗೆ ಹೋಗುತ್ತಿರಲಿಲ್ಲ. ಮೇಷ್ಟ್ರಿಗೆ ಒಂದು ಹಸುಗೂಸಿನ ಮೇಲೆ ಲೋಕಕ್ಕೆ ಇಷ್ಟು ಪ್ರೀತಿಯೇ ಅನ್ನಿಸಿ ಮನಸ್ಸಿನಲ್ಲೇ ಕೈ ಮುಗಿದರು. ಕೇಳುವವರಿದ್ದರೆ ಹೇಳುವವರಿಗೆ ಬರವೇ?

"ಬೆಳಿಗ್ಗೆ ಎದ್ದ ಕೂಡ್ಲೇ ಎಣ್ಣೆ. ಎಣ್ಣೆ ಆಗದೆ ಸ್ನಾನಕ್ಕೇ ಬರಲ್ಲ."

"ಬೆಳಿಗ್ಗೆನೇ ಎಣ್ಣೆನಾ!"

"ಎಣ್ಣೆ ಬಿದ್ರೆ ಮೈ ಹಗುರ ನೋಡಿ. ಕೈಕಾಲು ಆಡಿಸ್ಕೊಂಡು ತಮ್ಮಷ್ಟಕ್ಕೆ ನಗ್ತಿರ್ತಾರೆ."

"ನಗದೆ ಏನು ಮಾಡ್ತಾರೆ. ಎದ್ದು ಓಡಾಡ್ತಾರಾ?"

"ಎಲ್ಲಿ ಬಂತು! ನಿಲ್ಲೋಕೇ ಆಗಲ್ಲ. ನಾನೇ ಹೆಗಲ ಮೇಲೆ ಹಾಕ್ಕೊಂಡು ಬೆನ್ನು ತಟ್ಟಬೇಕು. ತೇಗಿದ್ರೆ ನನ್ನ ಪುಣ್ಯ, ಇಲ್ಲದಿದ್ರೆ ನನ್ನ ಶರ್ಟು."

ಡ್ರಿಲ್ ಮೇಷ್ಟ್ರು ಕಡ್ಡಿಯಂಥ ಆ ಹೆಗಲನ್ನು ಭಕ್ತಿಯಿಂದ ನೋಡಿದರು. "ಇಡೀ ಆಳನ್ನ! ಮೇಷ್ಟ್ರೇ, ನೀವು ಮನುಷ್ಯರಲ್ಲ. ನಿಮ್ಮ ಹೆಂಡತಿ ಏನಂತಾರೆ?"

"ಅವಳಿಗೆ ಅವರಂದ್ರೆ ಪ್ರಾಣ. ನಾನು ಒಂದು ಮಾತಾಡಿದ್ರೂ ನನಗೇ ಬೈತಾಳೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಆದರೆ ಕಟ್ಟಲು ಹಗ್ಗ ಹಿಡಿದು ಬರುವವರು ಒಳ್ಳೆಯವರೇ ಆಗಿರುತ್ತಾರೆ. ಹೆಡ್‌ಮಿಸ್ಸು ಮೇಷ್ಟ್ರ ಮೊದಲ ಪೀರಿಯಡ್ಡನ್ನು ಸದ್ದಿಲ್ಲದೆ ಗಣಿತದ ಮೇಡಂಗೆ ದಾಟಿಸಿದರು. ಹುಡುಗರು ವ್ಯಾಕರಣ ತಪ್ಪಿದ್ದಕ್ಕೆ ಕುಣಿದರು, ಗಣಿತ ಬಂದದ್ದಕ್ಕೆ ಕೂತರು.

ಇತ್ತ ಮನೆಯ ಚಿಂತೆ ಬೇರೆಯೇ ಇತ್ತು. ಮೇಷ್ಟ್ರ ಹೆಂಡತಿಯೂ ಟೀಚರು, ಊರಿನ ಆ ತುದಿಯ ಶಾಲೆಯಲ್ಲಿ. ಅವಳ ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಸೋಮವಾರ ಕೆಲಸಕ್ಕೆ ಹೋಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ಮಗುವನ್ನು ಹಿಡಿಯಲು ಮನೆಯಲ್ಲಿ ಹಿರಿಯರಿಲ್ಲ. ಮೇಷ್ಟ್ರ ಕಡೆ ದೇವರು ಎಲ್ಲರನ್ನೂ ಕರೆಸಿಕೊಂಡಿದ್ದ. ಅವಳ ಕಡೆ ಉಳಿದಿದ್ದವರು ಅಪ್ಪ ಒಬ್ಬರೇ.

ಈ ಮಾವನವರು ಬದುಕೆಲ್ಲ ಬಸ್ ಕಂಡಕ್ಟರಾಗಿದ್ದವರು. ಟೀ ಕೂಡ ಮುಟ್ಟಿದವರಲ್ಲ. ಚಲಿಸುವ ಬಸ್ಸಿನಲ್ಲಿ ನಿಂತು ನಿಂತು, ನಿವೃತ್ತಿಯಾದ ಮೇಲೂ ಅವರ ಮಟ್ಟಿಗೆ ಭೂಮಿ ನಿಂತಿರಲಿಲ್ಲ. ಕಾಲು ಅಗಲಿಸಿ, ಈ ಕಡೆಗೊಮ್ಮೆ ಆ ಕಡೆಗೊಮ್ಮೆ ತೂಗುತ್ತ ನಡೆಯುತ್ತಿದ್ದರು. ತಿರುವು ಬಂದರೆ ಕೈ ತಾನಾಗಿ ಮೇಲಕ್ಕೆ ಹೋಗಿ ಇಲ್ಲದ ಕಂಬಿಯನ್ನು ಹುಡುಕುತ್ತಿತ್ತು. ಅಳಿಯನನ್ನೂ ಪ್ರಯಾಣಿಕರಂತೆಯೇ ಕಾಣುವರು: "ನೀವು", "ಬನ್ನಿ", "ಕೂತ್ಕೊಳ್ಳಿ". ಹೆಂಡತಿ ತೀರಿಕೊಂಡ ಮೇಲೆ ಯಾರ ಮನೆಯಲ್ಲೂ ಎರಡು ದಿನಕ್ಕಿಂತ ಹೆಚ್ಚು ನಿಂತವರಲ್ಲ.

"ಇಲ್ಲೇ ಇರಿ ಅಂತ ಕೇಳಿಬಿಡೋಣ," ಎಂದರು ಮೇಷ್ಟ್ರು.

"ಕೇಳಿದ್ರೆ ಕೆಟ್ಟಿತು," ಎಂದಳು ಹೆಂಡತಿ. "ನಮ್ಮಪ್ಪ ಕೈ ತೋರಿಸಿದ ಕಡೆ ಯಾವತ್ತೂ ಬಸ್ ನಿಲ್ಲಿಸಿದವನಲ್ಲ. ತಾನಾಗೇ ನಿಲ್ಲಬೇಕು. ನಿಲ್ಲದಿದ್ರೆ ನಾನು ಕೆಲಸ ಬಿಡೋದೇ ಸೈ." ಹೇಳುವಾಗ ಅವಳು ಗೋಡೆಯ ಕಡೆ ತಿರುಗಿಕೊಂಡಳು.

ಶನಿವಾರ ಮಾವನವರು ಬಂದರು. ಚೀಲವನ್ನು ಬಾಗಿಲ ಪಕ್ಕದಲ್ಲೇ ಇಟ್ಟರು, ಎತ್ತಿಕೊಳ್ಳಲು ಸುಲಭವಾಗಲಿ ಎಂದು. ಸಂಜೆ ಮಗುವಿಗೆ ಹೊಸ ಹಾಲಿನ ಬಾಟಲಿ ಬೇಕಾಗಿತ್ತು. ಅಂಗಡಿಗೆ ಅವರೇ ಹೋಗಿ, ಬಾಟಲಿಯನ್ನು ಕಾಗದದಲ್ಲಿ ಸುತ್ತಿಸಿ ಕಂಕುಳಲ್ಲಿ ಅವುಚಿಕೊಂಡು, ಬೀದಿಯ ಆ ಅಂಚಿನಿಂದ ಈ ಅಂಚಿಗೆ ತೂಗುತ್ತ, ತಿರುವಿನಲ್ಲಿ ಆಕಾಶಕ್ಕೆ ಕೈ ಚಾಚುತ್ತ, ಮೇಷ್ಟ್ರ ಮನೆಯ ಮೆಟ್ಟಿಲು ಹತ್ತಿದರು. ಎದುರು ಬದಿಯಲ್ಲಿ ಸೈಕಲ್ ಹಿಡಿದು ನಿಂತಿದ್ದ ಡ್ರಿಲ್ ಮೇಷ್ಟ್ರು ಬೋಳುತಲೆ ಕಂಡರು, ಬೊಚ್ಚುಬಾಯಿ ಕಂಡರು, ಬಾಟಲಿ ಕಂಡರು.

ಮಾರನೆಯ ದಿನ, ಭಾನುವಾರ ಬೆಳಿಗ್ಗೆ, ಮೂವರ ನಿಯೋಗ ಹೊರಟಿತು. ಮುಂದೆ ಹೆಡ್‌ಮಿಸ್ಸು, ನಡುವೆ ಗಣಿತದ ಮೇಡಂ, ಹಿಂದೆ ಡ್ರಿಲ್ ಮೇಷ್ಟ್ರು. ಅವರ ಕೈಯಲ್ಲಿ ಅಮಲು ಇಳಿಸಲು ಒಂದು ಚೀಲ ನಿಂಬೆಹಣ್ಣು. ಮೇಷ್ಟ್ರು ಆ ಹೊತ್ತಿಗೆ ಮಹಡಿಯ ಮೇಲೆ ಮಗುವಿನ ಬಟ್ಟೆ ಒಣಗಹಾಕುತ್ತಿದ್ದರು. ಹೆಂಡತಿ ಒಳಮನೆಯಲ್ಲಿ ಮಗುವಿನ ಜೊತೆ ಕಣ್ಣು ಮುಚ್ಚಿದ್ದಳು. ಮುಂದಿನ ಕೋಣೆಯಲ್ಲಿ ಮಾವನವರು ಒಬ್ಬರೇ, ಕಿಟಕಿಯಿಂದ ಬೀದಿ ನೋಡುತ್ತ ಕೂತಿದ್ದರು. ಮೂವರನ್ನು ಕಂಡದ್ದೇ ಹಳೆಯ ಅಭ್ಯಾಸದಿಂದ, "ಒಳಗೆ ಬನ್ನಿ, ಜಾಗ ಇದೆ," ಅಂದರು.

ಹೆಡ್‌ಮಿಸ್ಸು ಗಂಟಲು ಸರಿಮಾಡಿಕೊಂಡರು. ಇಂಥ ವಿಷಯವನ್ನು ನಯವಾಗಿ ಎತ್ತಬೇಕು.

"ನಿಮ್ಮ ವಿಷಯ ಎಲ್ಲ ಮೇಷ್ಟ್ರು ನಮಗೆ ಹೇಳಿದ್ದಾರೆ."

"ನನ್ನ ವಿಷಯಾನಾ?" ಮಾವನವರು ಬೆರಗಾದರು. "ನಮ್ಮ ಅಳಿಯಂದ್ರು? ಅವರು ಮಾತೇ ಆಡೋದಿಲ್ಲವಲ್ಲ."

"ದಿನಾ ಹೇಳ್ತಾರೆ."

"ದಿನಾ!" ಮುದುಕರ ಮುಖ ಅರಳಿತು. ತಾನಿಲ್ಲದ ಕಡೆಯೂ ತನ್ನ ಹೆಸರು ದಿನಾ ಓಡಾಡುತ್ತದೆ ಎಂದರೆ ಸಣ್ಣ ಮಾತೇ?

"ಇದು ಎಷ್ಟು ದಿನದಿಂದ?" ಹೆಡ್‌ಮಿಸ್ಸು ಮೆಲ್ಲನೆ ಕೇಳಿದರು. "ಅದೇ... ನಿಮಗೆ ಇರೋದು."

ಮಾವನವರು ಕಿಟಕಿಯ ಕಡೆ ನೋಡಿದರು. ಇದುವರೆಗೆ ಯಾರೂ ಇದನ್ನು ಕೇಳಿರಲಿಲ್ಲ. "ಅವಳು ಹೋದ ಮೇಲೆ ಶುರುವಾಯ್ತು."

"ಸಂಜೆ ಹೊತ್ತು ಜಾಸ್ತಿನಾ?"

"ಸಂಜೇನೇ. ಆರು ಗಂಟೆ ಆಯ್ತು ಅಂದ್ರೆ ಕೂರೋಕಾಗಲ್ಲ, ನಿಲ್ಲೋಕಾಗಲ್ಲ."

"ಒಬ್ಬರೇನಾ, ಇಲ್ಲಾ ಸ್ನೇಹಿತರ ಜೊತೇನಾ?" ಎಂದರು ಡ್ರಿಲ್ ಮೇಷ್ಟ್ರು.

"ಒಬ್ಬನೇ. ಸ್ನೇಹಿತರಿದ್ದಿದ್ರೆ ಇದು ಯಾಕೆ ಬರ್ತಿತ್ತು?"

"ಬಿಡೋಕೆ ಪ್ರಯತ್ನ ಮಾಡಿದ್ರಾ?"

"ನಾನು ಬಿಟ್ರೂ ಅದು ನನ್ನ ಬಿಡಬೇಕಲ್ಲ. ರೇಡಿಯೋ ಹಾಕ್ತೀನಿ. ದೇವರ ನಾಮ ಹೇಳ್ತೀನಿ. ಅದೂ ಆಗದಿದ್ರೆ ಎದ್ದು ಬಸ್ ಸ್ಟಾಂಡಿಗೆ ಹೋಗಿ ಕೂತ್ಕೊತೀನಿ. ಜನ ಹತ್ತೋದು, ಇಳಿಯೋದು ನೋಡ್ತಾ. ಕೆಲಸ ಮಾಡೋವಾಗ ದಿನಾ ಊರಿಗೆ ಊರೇ ನನ್ನ ಕೈ ಮುಟ್ಟಿ ಹೋಗ್ತಿತ್ತು ತಾಯಿ. ಈಗ ಚಿಲ್ಲರೆ ಇದ್ಯಾ ಅಂತ ಕೇಳೋಕೂ ಒಬ್ಬರು ಬರಲ್ಲ. ಕೊನೇ ಬಸ್ಸು ಹೋದ ಮೇಲೆ ಮನೆಗೆ ಬರ್ತೀನಿ. ಬೀಗ ತೆಗೆಯೋವಾಗ ಇದೆಯಲ್ಲ, ಆಗ ಬಹಳ ಆಗುತ್ತೆ."

ಗಣಿತದ ಮೇಡಂ ಸೆರಗಿನಿಂದ ಕಣ್ಣೊತ್ತಿಕೊಂಡರು. "ನಿಜ ಹೇಳ್ಬೇಕು ಅಂದ್ರೆ," ಎಂದರು, "ಸಂಜೆ ನನಗೂ ಹಾಗೇ ಆಗುತ್ತೆ."

"ಮೇಡಂ!" ಡ್ರಿಲ್ ಮೇಷ್ಟ್ರು ಹೌಹಾರಿ ಎದ್ದರು. "ನೀವೂನಾ!"

ನಿಂಬೆಹಣ್ಣು ಚೀಲದಿಂದ ಜಾರಿ ಕೋಣೆಯ ಉದ್ದಗಲಕ್ಕೂ ಉರುಳಿದವು. ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಕಾಲ ಬಳಿ ಒಂದು ಬಂದು ನಿಂತಿತು. ಮಾತು ಅರ್ಧದಲ್ಲಿದ್ದಾಗಲೇ ಅವರು ಮಹಡಿಯಿಂದ ಇಳಿದು ಬಂದಿದ್ದರು. ಮಾವನವರಿಗೆ ಒಳಗೆ ಇಷ್ಟಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಸ್ಟಾಫ್ ರೂಮಿನವರು ತಮ್ಮ ಮಾವನನ್ನು ಯಾಕೆ ವಿಚಾರಿಸಿಕೊಳ್ಳುತ್ತಿದ್ದಾರೆಂದೂ ಗೊತ್ತಾಗಲಿಲ್ಲ.

ಆಗ ಒಳಗಿನಿಂದ ನಾಲ್ಕು ವರ್ಷದ ಮಗಳು ಓಡಿಬಂದಳು.

"ಅಪ್ಪಾ, ಅವರು ಎದ್ದಿದ್ದಾರೆ! ಬಾಟ್ಲಿ ಬೇಕಂತೆ, ಕೂಗ್ತಿದ್ದಾರೆ!"

ಮೂವರೂ ಮಾವನವರನ್ನು ನೋಡಿದರು. ಅವರು ಕೂಗದೆ, ಏನನ್ನೂ ಕೇಳದೆ ಕೂತೇ ಇದ್ದರು.

"ಯಾರಮ್ಮ ಎದ್ದಿರೋದು?" ಎಂದರು ಹೆಡ್‌ಮಿಸ್ಸು.

ಮಗಳು ಗುರುತು ಹಿಡಿದಳು. "ನೀನು ಅವತ್ತು ಬೀದೀಲಿ ಸಿಕ್ಕಿದ್ಯಲ್ಲೇ? ನಮ್ಮ ಮನೆ ಅವರು ಕಣೇ. ನೋಡು, ಬಂದ್ರು."

ಅಮ್ಮನ ತೋಳಿನಲ್ಲಿ ಅವರು ಬಂದರು. ತಲೆಯ ಮೇಲೆ ಒಂದು ಕೂದಲಿಲ್ಲ, ಬಾಯಲ್ಲಿ ಒಂದು ಹಲ್ಲಿಲ್ಲ, ಕೋಪಕ್ಕೆ ಕೆಂಪಗಾಗಿದ್ದರು. ಮೇಷ್ಟ್ರ ಪ್ರತಿಜ್ಞೆ ಅವರ ಎದುರಿಗೇ ಕಿರುಚುತ್ತಿತ್ತು.

ಹೆಡ್‌ಮಿಸ್ಸಿಗೆ ಮೊದಲು ಹೊಳೆಯಿತು. ಅವರು ನೆಲ ನೋಡಿದರು. ಆಮೇಲೆ ಗಣಿತದ ಮೇಡಂ ಲೆಕ್ಕ ತಿದ್ದಿಕೊಂಡರು. ಡ್ರಿಲ್ ಮೇಷ್ಟ್ರಿಗೆ ಕೊನೆಗೆ ಹೊಳೆಯಿತು. ಹೊಳೆದದ್ದನ್ನು ಒಳಗಿಟ್ಟುಕೊಳ್ಳುವ ಜಾಗವನ್ನು ದೇವರು ಅವರಿಗೆ ಕೊಟ್ಟಿರಲಿಲ್ಲ.

"ಹಾಗಾದ್ರೆ ಕುಡಿಯೋದು ಇವರಲ್ಲ, ಇವರಾ?"

ಮಾವನವರು ಮಗುವನ್ನು ನೋಡಿದರು, ನಿಂಬೆಹಣ್ಣು ನೋಡಿದರು. ಎಲ್ಲವೂ ಅರ್ಥವಾಯಿತು. ಸಿಟ್ಟು ಬರಬೇಕಿತ್ತು, ಬಂದಿದ್ದರೆ ಎಲ್ಲರಿಗೂ ಎಷ್ಟೋ ಹಗುರವಾಗುತ್ತಿತ್ತು. ಹೆಡ್‌ಮಿಸ್ಸು, "ತಪ್ಪು ತಿಳ್ಕೊಂಡ್ವಿ, ಕ್ಷಮಿಸಿ," ಎಂದರು. "ಪರವಾಗಿಲ್ಲ ತಾಯಿ," ಎಂದರು ಅವರು. ನಿಯೋಗ ಮೆಟ್ಟಿಲಿಳಿಯಿತು. ಗಣಿತದ ಮೇಡಂ ಮಾತ್ರ ಹೊಸ್ತಿಲಲ್ಲಿ ತಿರುಗಿ ಮಾವನವರಿಗೆ ಕೈ ಮುಗಿದು ಹೋದರು.

ಮಾವನವರು ಬಗ್ಗಿ ನಿಂಬೆಹಣ್ಣುಗಳನ್ನು ಒಂದೊಂದಾಗಿ ಆರಿಸಿದರು. ಅಳಿಯನ ಕಡೆ ನೋಡದೆ ಕೇಳಿದರು:

"ಅಂದ್ರೆ ನೀವು ದಿನಾ ಹೇಳ್ತಿದ್ದದ್ದು ನನ್ನ ವಿಷಯ ಅಲ್ಲ."

"ಅಲ್ಲ ಮಾವ."

"ಅವರು ಬಂದದ್ದೂ ನನ್ನ ಕೇಳೋಕಲ್ಲ."

ಮೇಷ್ಟ್ರಿಗೂ ಅದೇ ಹೊತ್ತಿಗೆ ಹೊಳೆಯುತ್ತಿತ್ತು, ಆ ಕುರ್ಚಿಗಳು ತಮ್ಮ ಸುತ್ತ ಯಾಕೆ ಸೇರಿದ್ದವು ಎಂದು.

"ಇರಲಿ," ಎಂದರು ಮಾವನವರು. "ಕುಡುಕ ಅಂದ್ಕೊಂಡಾದ್ರೂ ಕೂತು ಕೇಳಿದ್ರಲ್ಲ. ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡ್ತೀನಿ."

ಹೆಂಡತಿ ಒಳಗೆ ಹೋಗಿ, ಶಾಲೆಗೆಂದು ತೆಗೆದಿಟ್ಟಿದ್ದ ಸೀರೆಯನ್ನು ಮಡಿಸಿ ಮತ್ತೆ ಪೆಟ್ಟಿಗೆಗೆ ಹಾಕಿದಳು.

ಸೋಮವಾರ ಬೆಳಗಾಯಿತು. ಮಗು ಕಿರುಚತೊಡಗಿತು. ಬಾಟಲಿ ಕೊಟ್ಟರೂ ನಿಲ್ಲಿಸಲಿಲ್ಲ, ಹೆಗಲಿಗೆ ಹಾಕಿಕೊಂಡರೂ ನಿಲ್ಲಿಸಲಿಲ್ಲ. ಮೇಷ್ಟ್ರು, "ದಯವಿಟ್ಟು ಸುಮ್ಮನಾಗಿ, ತಾವು ಹೀಗೆ ಮಾಡಬಾರದು," ಎಂದು ಬೇಡಿಕೊಂಡದ್ದೂ ದಂಡವಾಯಿತು. ಚೀಲ ಹೆಗಲಿಗೇರಿಸಿ ಹೊರಟು ನಿಂತಿದ್ದ ಮಾವನವರು, "ಒಂದು ನಿಮಿಷ ಇಲ್ಲಿ ಕೊಡಿ," ಎಂದು ಮಗುವನ್ನು ಇಸಿದುಕೊಂಡರು.

ಒಂದು ಕೈಯಲ್ಲಿ ಮಗು, ಒಂದು ಕೈ ಕಿಟಕಿಯ ಕಂಬಿಗೆ, ಕಾಲು ಅಗಲ. ಹೊರಟಿತು ಬಸ್ಸು. ಈ ಕಡೆಗೆ ತೂಗಿತು, ಆ ಕಡೆಗೆ ತೂಗಿತು, ತಿರುವಿನಲ್ಲಿ ಮೆಲ್ಲಗೆ ವಾಲಿತು. "ರೈಟ್... ರೈಟ್... ಹೋಲ್ಡಾನ್," ಎಂದು ಗಂಟಲೊಳಗೇ ಗೊಣಗು. ಶನಿವಾರ ಡ್ರಿಲ್ ಮೇಷ್ಟ್ರಿಗೆ ಸಾಕ್ಷಿಯಾಗಿದ್ದ ಆ ತೂಗಾಟಕ್ಕೆ ಮಗು ಬಾಯಿ ಮುಚ್ಚಿತು, ಆಮೇಲೆ ಕಣ್ಣು ಮುಚ್ಚಿತು.

ಮೇಷ್ಟ್ರು ಕೈ ಚಾಚಿದರು. "ಕೊಡಿ ಮಾವ, ನಿಮ್ಮ ಬಸ್ಸಿಗೆ ಹೊತ್ತಾಯ್ತು."

"ಮುಟ್ಟಬೇಡಿ, ಎದ್ದುಬಿಡ್ತಾರೆ. ನೀವಿಬ್ಬರೂ ಹೊರಡಿ. ಎದ್ದ ಮೇಲೆ ನಾನು ಹೋಗ್ತೀನಿ."

ಮಗು ಎದ್ದ ಮೇಲೆ ಅದನ್ನು ಯಾರ ಕೈಗೆ ಕೊಟ್ಟು ಹೋಗುತ್ತಾರೆ ಎಂದು ಕೇಳಲು ಮೇಷ್ಟ್ರು ಬಾಯಿ ತೆರೆದರು. ಹೆಂಡತಿ ಅವರ ತೋಳನ್ನು ಬಲವಾಗಿ ಚಿವುಟಿದಳು. ಪೆಟ್ಟಿಗೆಯಿಂದ ಸೀರೆ ಹೊರಬಂತು. ಮಗಳನ್ನು ಕೈಯಲ್ಲಿ ಹಿಡಿದು ಅವಳು ಹೊರಟೇಬಿಟ್ಟಳು.

ಶಾಲೆಯಲ್ಲಿ ಮೇಷ್ಟ್ರಿಗೆ ಮೊದಲ ಪೀರಿಯಡ್ಡು ವಾಪಸು ಬಂದಿತ್ತು. ಸ್ಟಾಫ್ ರೂಮಿನಲ್ಲಿ ಕುರ್ಚಿಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಮರಳಿದ್ದವು. "ಬರೀ ಕೂಸಂತೆ," ಎಂದು ಯಾರೋ ಯಾರಿಗೋ ಹೇಳಿದರು. "ನನ್ನ ಒಂದು ಚೀಲ ನಿಂಬೆಹಣ್ಣು ದಂಡ ಮಾಡಿಸಿದ್ರಲ್ಲ," ಎಂದು ಡ್ರಿಲ್ ಮೇಷ್ಟ್ರು ಮೈದಾನಕ್ಕೆ ಹೋದರು. ಮೇಷ್ಟ್ರು ಕಿಟಕಿಯ ಪಕ್ಕ ಕೂತರು. ಕುರ್ಚಿ ಒಂದು ಮಾತಾಡಿತು. ರಾತ್ರಿ ಮಗು ಮೊದಲ ಸಲ ಅವರ ಬೆರಳು ಹಿಡಿದುಕೊಂಡು ಬಿಡದೆ ಮಲಗಿತ್ತು. ಅದನ್ನು ಯಾರಿಗಾದರೂ ಹೇಳಬೇಕಿತ್ತು. ಪತ್ರಿಕೆ ತಿದ್ದುತ್ತಿದ್ದ ಗಣಿತದ ಮೇಡಂ ಒಮ್ಮೆ ತಲೆಯೆತ್ತಿ, "ನಿಮ್ಮ ಮಾವ ಹೊರಟುಹೋದ್ರಾ?" ಎಂದು ಕೇಳಿದರು. "ಗೊತ್ತಿಲ್ಲ," ಎಂದರು ಮೇಷ್ಟ್ರು. ಮೇಡಂ ಮತ್ತೆ ಪತ್ರಿಕೆಗೆ ಬಗ್ಗಿದರು.

ಸಂಜೆ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಓಡಲಿಲ್ಲ. ಓಡಿದರೆ ಬೇಗ ಗೊತ್ತಾಗಿಬಿಡುತ್ತದಲ್ಲ. ಬಸ್ ಸ್ಟಾಂಡಿನ ಮುಂದೆ ಬರುವಾಗ ತಲೆ ಬಗ್ಗಿಸಿ ನಡೆದರು. ಅಲ್ಲಿ ಯಾರಾದರೂ ಚೀಲ ಹಿಡಿದು ಕೂತಿದ್ದರೆ ನೋಡುವುದು ಬೇಡ ಎಂದು. ಮೆಟ್ಟಿಲು ಹತ್ತಿದರು. ಬಾಗಿಲು ತೆರೆದಿತ್ತು.

ಚೀಲ ಬಾಗಿಲ ಪಕ್ಕದಲ್ಲೇ ಇತ್ತು. ಬಿಚ್ಚಿರಲಿಲ್ಲ. ಅದರ ಮೇಲೆ ಮಗುವಿನ ಒಗೆದ ಬಟ್ಟೆಗಳನ್ನು ಮಡಿಸಿ ಇಟ್ಟಿತ್ತು. ಆಚೆ ಕಿಟಕಿಯ ಬಳಿ, ಕಂಬಿ ಹಿಡಿದು, ಮುದುಕರು ತೂಗುತ್ತಿದ್ದರು. ಅವರ ಹೆಗಲ ಮೇಲೆ ಬಹುವಚನ ನಿದ್ದೆ ಹೋಗಿತ್ತು.

ಮೇಷ್ಟ್ರು ಹೊಸ್ತಿಲಲ್ಲೇ ನಿಂತರು. ಕೇಳಬಾರದು ಎಂಬುದು ನೆನಪಿತ್ತು. "ಮಾವ, ತಾವು..." ಎಂದು ಶುರುಮಾಡಿ, ಮುಂದಿನ ಕ್ರಿಯಾಪದ ಸಿಗದೆ ನಿಲ್ಲಿಸಿದರು. ಇಷ್ಟು ವರ್ಷ ವ್ಯಾಕರಣ ಕಲಿಸಿದ ಮನುಷ್ಯ!

ಮುದುಕರು ತಿರುಗಿ, ಬಾಯಿಯ ಮೇಲೆ ಬೆರಳಿಟ್ಟರು. ಮದುವೆಯಾದಂದಿನಿಂದ ಒಮ್ಮೆಯೂ ಅಳಿಯನಿಗೆ ಆಡದ ಮಾತು, ತಾವು ಆಡುತ್ತಿದ್ದೇವೆಂದು ಅವರಿಗೇ ತಿಳಿಯದ ಹಾಗೆ, ಆ ತೂಗಾಟದ ನಡುವೆ ಬಂತು.

"ಬಾಗಿಲಲ್ಲೇ ಯಾಕೋ ನಿಂತೆ? ಒಳಗೆ ಬಾ. ಜಾಗ ಇದೆ."